ಗುರುಪಾದಯ್ಯನವರ ಕೈಗುಣ

ಬಬಲೇಶ್ವರದ ಬಸ್ ನಿಲ್ದಾಣದ ಎದುರಿಗೆ ಈಗ ಔಷಧದಂಗಡಿಗಳು ಸಾಲಾಗಿ ನಿಂತಿವೆ. ಬಣ್ಣದ ಬೋರ್ಡು, ಗಾಜಿನ ಬಾಗಿಲು, ಒಂದರಲ್ಲಂತೂ ಒಳಗೆ ಕಾಲಿಟ್ಟರೆ ತಣ್ಣನೆ ಗಾಳಿ. ಆದರೆ ಮೊನ್ನೆ ಮೊನ್ನೆಯವರೆಗೂ ಊರಿನ ಜ್ವರವೆಲ್ಲ ಹೋಗಿ ನಿಲ್ಲುತ್ತಿದ್ದದ್ದು ರಾಜಾರಾಮನ ಹಳೆಯ ಅಂಗಡಿಯ ಮುಂದೆ. ರಾಜಾರಾಮ ಮಾಲೀಕ, ಗಲ್ಲೆಯ ಮೇಲೆ ಕೂರುವವನು. ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. "ಅಯ್ಯಾರು ಅದಾರೇನ್ರಿ?" ಎಂದು ಕೇಳುತ್ತಿದ್ದರು. ಅಯ್ಯಾರು ಎಂದರೆ ಗುರುಪಾದಯ್ಯನವರು, ಅವರು ಊಟಕ್ಕೆ ಹೋಗಿದ್ದರೆ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದರು. ಅದೇ ಕಪಾಟು, ಅದೇ ಗುಳಿಗೆ. ಆದರೂ ರಾಜಾರಾಮ ಕೊಟ್ಟರೆ ಒಲ್ಲರು.

ಕಾರಣ ಕೈಗುಣ. ಒಬ್ಬಳು ಹಾಕಿದ ಉಪ್ಪಿನಕಾಯಿ ವರ್ಷಗಟ್ಟಲೆ ತಾಳುತ್ತದೆ, ಇನ್ನೊಬ್ಬಳು ಅದೇ ಮಾವು ಅದೇ ಉಪ್ಪು ಹಾಕಿದರೂ ತಿಂಗಳೊಳಗೆ ಬೂಷ್ಟು ಹಿಡಿಯುತ್ತದೆ. ಕೇಳಿದರೆ ಕೈಗುಣ ಎನ್ನುತ್ತಾರೆ. ಗುಳಿಗೆಗೂ ಅದೇ ಲೆಕ್ಕ. ಅಂಗಡಿಯ ಒಳಗೆ ಗುಳಿಗೆ ಕೊಡುತ್ತಿದ್ದ ಗುರುಪಾದಯ್ಯನವರ ಕೈಯಲ್ಲಿ ಆ ಗುಣ ಇದೆಯೆಂದು ಸುತ್ತಲಿನ ಹಳ್ಳಿಗಳೆಲ್ಲ ತೀರ್ಮಾನಿಸಿಬಿಟ್ಟಿದ್ದವು. ನಾನು ಇಂಥದ್ದನ್ನು ನಂಬುವವನಲ್ಲ. ಆದರೆ ಮೈ ಸುಡುವಾಗ ನಾನೂ ಆ ಕಟ್ಟೆಯ ಮೇಲೆ ಕುಳಿತು ಕಾದವನೇ. ನಂಬಿಕೆ ಬೇರೆ, ಜ್ವರ ಬೇರೆ.

ಗುರುಪಾದಯ್ಯನವರು ನಮ್ಮ ಓಣಿಯವರು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಹಣೆಯ ತುಂಬ ವಿಭೂತಿ, ತೋಳು ಮಡಚಿದ ಬಿಳಿ ಅಂಗಿ, ಮೆಲುಮಾತು. ಅವರ ತಂದೆ ಸೋಮವಾರ ಜೋಳಿಗೆ ಹಿಡಿದು ಭಕ್ತರ ಮನೆಗಳಿಗೆ ಭಿಕ್ಷೆಗೆ ಹೋಗುತ್ತಿದ್ದ ಜಂಗಮರು. ಮಗನಿಗೆ ಅದು ಸೇರಲಿಲ್ಲ. "ಬೇಡೂ ಕೈ ನನಗ ಬ್ಯಾಡಪಾ, ಕೊಡೂ ಕೈ ಬೇಕು" ಎಂದು ತಂದೆಯ ಎದುರಿಗೇ ಹೇಳಿ ಮನೆ ಬಿಟ್ಟು ಹೊರಟರಂತೆ. ಹೊರಟವರು ಬಹಳ ದೂರವೇನೂ ಹೋಗಲಿಲ್ಲ. ರಾಜಾರಾಮನ ತಂದೆಯ ಅಂಗಡಿಯಲ್ಲಿ ಕಸ ಹೊಡೆಯಲು ನಿಂತರು. ಕಸಬರಿಗೆಯಿಂದ ಕಪಾಟಿಗೆ, ಕಪಾಟಿನಿಂದ ಗಿರಾಕಿಯ ಅಂಗೈಗೆ, ಹೀಗೆ ಮೆಟ್ಟಿಲು ಹತ್ತಿದರು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಕೂತುಬಿಟ್ಟಿತ್ತು. ಗುಳಿಗೆಯ ವಿದ್ಯೆಯನ್ನು ಅವರು ಕಲಿತದ್ದು ಡಾಕ್ಟರರ ಚೀಟಿಗಳನ್ನು ನೋಡಿ ನೋಡಿ. ಮುಂದೆ ಚೀಟಿಯೂ ಬೇಡವಾಯಿತು.

ಅವರ ಲೆಕ್ಕದಲ್ಲಿ ಗುಳಿಗೆಗಳು ಎರಡೇ ಜಾತಿ. ಮೈಕೈ ನೋವಿಗೆ, ಸಾದಾ ಜ್ವರಕ್ಕೆ ಕೊಡುವುದು ಸಣ್ಣ ಗುಳಿಗೆ. ಕ್ರಿಮಿ ಸಾಯಲೆಂದು ಡಾಕ್ಟರರು ಬರೆಯುವ ಆ್ಯಂಟಿಬಯೊಟಿಕ್‌ಗಳೆಲ್ಲ ದೊಡ್ಡ ಗುಳಿಗೆ. ನೆಗಡಿಗೂ, ಹೊಟ್ಟೆ ಕೆಟ್ಟು ಝಾಡಿಸಿದರೂ, ಕುರು ಎದ್ದರೂ, ಮದುವೆಯ ಊಟ ಜಾಸ್ತಿಯಾದರೂ ಒಂದು ಸಣ್ಣದು, ಒಂದೆರಡು ದೊಡ್ಡದು. ಕತ್ತರಿಯಿಂದ ಹಾಳೆಯನ್ನು ಕತ್ತರಿಸಿ, ಅರೆಗಳಿಗೆ ಕಣ್ಣು ಮುಚ್ಚಿ "ಶಿವಾ" ಎಂದು, ಗಿರಾಕಿಯ ಅಂಗೈಯಲ್ಲಿ ಇಡುವರು. ಗಿರಾಕಿ ಬಲಗೈ ಕೆಳಗೆ ಎಡಗೈ ಹಿಡಿದು ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಅಲ್ಲೇ ನುಂಗುವನು. ಜಂಗಮರ ಕೈಯಿಂದ ಬಂದದ್ದು, ಇನ್ನೇನಾದೀತು? ಪ್ರಸಾದವೇ ಆಯಿತು.

ಎಡವಟ್ಟು ಆದದ್ದು ಇಲ್ಲೇ. ಪ್ರಸಾದಕ್ಕೆ ಅಳತೆ ಇಲ್ಲ. ಒಂದು ಚೂರು ಬಾಯಿಗೆ ಬಿದ್ದರೆ ಸಾಕು. ದಿನಕ್ಕೆ ಎರಡು ಹೊತ್ತಿನಂತೆ ಐದು ದಿನ ಬಿಡದೆ ಪ್ರಸಾದ ತಿಂದವರನ್ನು ನಾನು ಈವರೆಗೆ ಕಂಡಿಲ್ಲ. ಡಾಕ್ಟರರ ಚೀಟಿ ಹಿಡಿದು ಬಂದವರಿಗೂ ಗುರುಪಾದಯ್ಯನವರು, "ಎರಡು ಹೊತ್ತು ತಗೋರಿ, ಆರಾಮಾದ್ರ ಬಿಟ್ಟಬಿಡ್ರಿ. ಸುಮ್ಮನ ಹೊಟ್ಟಿ ಯಾಕ ಸುಡತೀರಿ" ಎನ್ನುತ್ತಿದ್ದರು. ಜನಕ್ಕೂ ಅದೇ ಬೇಕಿತ್ತು. ಉಳಿದ ಗುಳಿಗೆಗಳನ್ನು ಅವರಿಗೇ ತಂದು ಒಪ್ಪಿಸುವರು, "ಯಾರಿಗರ ಬೇಕಾದೀತು ಅಯ್ಯಾರ" ಎಂದು. ಅವರು ಅವನ್ನು ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಡುವರು. ಅಂಗಡಿ ಮುಚ್ಚಿದ ಮೇಲೆ ಮನೆಗೆ ಬಂದವರಿಗೆ ಆ ಡಬ್ಬಿಯಿಂದ. ಬೇರೆ ಜಂಗಮರು ಅನ್ನದಾಸೋಹ ಮಾಡಿದರು, ನಮ್ಮವರು ಗುಳಿಗೆಯ ದಾಸೋಹ ಮಾಡಿದರು. ನಾನು ಹಾಗೆಂದು ಚಾಷ್ಟಿ ಮಾಡಿದರೆ ನಗುತ್ತಿದ್ದರು. ಅವರಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ. ಅದನ್ನು ಹೇಳಲೇಬೇಕು.

ಅವರ ಹೆಂಡತಿ ಶಂಕ್ರೆವ್ವನಿಗೆ ಗಂಡನ ಕೈಗುಣವೆಂದರೆ ಕೊರಳಲ್ಲಿನ ತಾಳಿಯಷ್ಟೇ ಸತ್ಯ. ನೀರು ತರಲು ಹೋದಲ್ಲಿ, ಕಿರಾಣಿ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಹೆಂಗಸರು ಅವಳಿಗೆ ಜಾಗ ಬಿಟ್ಟುಕೊಡುತ್ತಿದ್ದರು, "ಅಯ್ಯಾರ ಮನ್ಯಾಕಿ ಬಂದ್ಲು, ಸರೀರಿ." ಆ ಜಾಗದಲ್ಲಿ ಅವಳು ಬಹಳ ಗಂಭೀರವಾಗಿ ಕೂರುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವಳ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅವಳಿಗೆ ಹಿತ್ತಲ ಗಿಡದ ಹೊರತು ಬೇರೆ ಮದ್ದೇ ಇರಲಿಲ್ಲ. ತಲೆ ಭಾರವೆನಿಸಿದರೆ ಸಾಕು, ಗಂಡ ಊಟಕ್ಕೆ ಬರುವುದನ್ನೇ ಕಾದು ಅಂಗೈ ಒಡ್ಡುವಳು. ಊರಿಗೆ ವರ್ಷಕ್ಕೊಮ್ಮೆ ಸಿಗುತ್ತಿದ್ದ ದೊಡ್ಡ ಗುಳಿಗೆ ಅವಳಿಗೆ ತಿಂಗಳಿಗೊಮ್ಮೆ ಸಿಗುತ್ತಿತ್ತು.

ಆ ವರ್ಷದ ನಾಗರಪಂಚಮಿಗೆ ಮಗಳು ವಿಜಯಲಕ್ಷ್ಮಿ ತವರಿಗೆ ಬಂದಳು. ಅವಳನ್ನು ತಿಕೋಟಾಕ್ಕೆ ಕೊಟ್ಟಿದ್ದರು, ದ್ರಾಕ್ಷಿ ತೋಟದ ಮನೆ. ತಾಯಿಯ ತಲೆಗೆ ಎಣ್ಣೆ ಹಚ್ಚುವಾಗ ಕುತ್ತಿಗೆಯ ಪಕ್ಕದಲ್ಲಿ ಒಂದು ಗಂಟು ಅವಳ ಕೈಗೆ ಹತ್ತಿತು. "ಇದೇನವಾ?" ಎಂದು ಕೇಳಿದಳು. "ಅದು ಅವಾಗಿಂದೇನ ಐತಿ, ನಿಮ್ಮಪ್ಪ ಗುಳಿಗಿ ಕೊಟ್ಟಾರ, ಇಳೀತೈತಿ" ಎಂದಳು ಶಂಕ್ರೆವ್ವ. ಮಗಳು ಪಂಚಮಿಯ ಉಂಡಿ ಕಟ್ಟುವುದನ್ನು ಅಲ್ಲಿಗೇ ಬಿಟ್ಟು ತಾಯಿಯನ್ನು ವಿಜಯಪುರಕ್ಕೆ ಕರೆದುಕೊಂಡು ಹೋದಳು. ಗಂಟಿನ ಚೂರು ತೆಗೆದು ನೋಡಿದರು. ದುಗ್ಧರಸದ ಗ್ರಂಥಿಗಳಿಗೆ ಬರುವ ಕ್ಯಾನ್ಸರ್ ಎಂದರು. ಔಷಧಕ್ಕೆ ಜಗ್ಗುವ ಜಾತಿಯದು, ಹೆದರಬೇಡಿ ಎಂದೂ ಹೇಳಿದರು. ಮೂರು ವಾರಕ್ಕೊಮ್ಮೆ ಬಂದು ಸಲೈನಿನಲ್ಲಿ ಕಿಮೋ ಹಾಕಿಸಿಕೊಂಡು ಹೋಗಬೇಕು.

ಮೊದಲ ಸಲ ಕಿಮೋ ಹಾಕಿದ ದಿನ ಆ ವಾರ್ಡಿನ ನರ್ಸ್ ಸುರೈಯಾ ಗುರುಪಾದಯ್ಯನವರನ್ನು ಪಕ್ಕಕ್ಕೆ ಕರೆದು ಹೇಳಿದ್ದಳು. "ಅಜ್ಜಾರ, ಈ ಔಷಧ ಗಂಟಿನ ಜೋಡಿ ಮೈಯಾಗಿನ ಕಾವಲು ಕಾಯೂ ರಕ್ತಕಣಾನೂ ಹೊಡಿತೈತ್ರಿ. ಕಾವಲ ಇಲ್ಲದ ಮನಿ ಇದ್ದಂಗ. ಅದಕ್ಕ ಒಂದೀಟು ಜ್ವರ ಬಂದ್ರೂ ಮನ್ಯಾಗ ಏನೂ ಕೊಡಬ್ಯಾಡ್ರಿ. ಉಟ್ಟ ಅರಿವ್ಯಾಗ ಎದ್ದು ಬರ್ರಿ."

"ಹೂಂನವಾ" ಎಂದರು ಗುರುಪಾದಯ್ಯನವರು. ಹೂಂ ಎನ್ನಲು ಏನು ತ್ರಾಸು?

ಎರಡು ಸಲದ ಕಿಮೋ ಸಸೂತ್ರವಾಗಿ ಮುಗಿಯಿತು. ಗಂಟು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಕೂದಲು ಹೋದದ್ದಕ್ಕೆ ಶಂಕ್ರೆವ್ವ ಒಂದು ದಿನ ಅತ್ತು, ಮರುದಿನದಿಂದ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಓಡಾಡಿದಳು. ಮೂರನೆಯದು ಹಾಕಿಸಿಕೊಂಡು ಬಂದ ಮುಂದಿನ ವಾರ, ತಿಕೋಟಾದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯ ಕೆಲಸ ಶುರುವಾಗಿ, ಮಗಳು ಗಂಡನ ಮನೆಗೆ ಹೋಗಿದ್ದಳು. ಮಧ್ಯಾಹ್ನ ಶಂಕ್ರೆವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದವಳು ಮೊರ ಸರಿಸಿ, ಬಿಸಿಲಲ್ಲೇ ಕೌದಿ ಹೊದ್ದು ಮಲಗಿದಳು. ಊಟಕ್ಕೆ ಬಂದ ಗುರುಪಾದಯ್ಯನವರು ಹಣೆ ಮುಟ್ಟಿ ನೋಡಿದರು.

"ನಡಿ, ವಿಜಾಪುರಕ್ಕ ಹೋಗೂಣು" ಎಂದರು.

"ಬಸ್ಸಿನ್ಯಾಗ ಕುಂಡ್ರಾಕ ಯಾರ ಕೈಲಾಗತೈತ್ರಿ. ಊರಿಗೆಲ್ಲ ಕೊಡತೀರಿ, ನನಗ ಕೊಡಾಕ ಕೈ ಬರವಲ್ದೇನು?" ಎಂದು ಶಂಕ್ರೆವ್ವ ಕೌದಿಯೊಳಗಿಂದ ಅಂಗೈ ಹೊರಗೆ ಚಾಚಿದಳು.

ಬಸ್ಸು ಇತ್ತು. ಓಣಿಯಲ್ಲಿ ಎರಡು ಕಾರುಗಳೂ ಇದ್ದವು, ಕೇಳಿದ್ದರೆ ನಾನೇ ಒಂದನ್ನು ಹೊರಡಿಸಿಕೊಡುತ್ತಿದ್ದೆ. ಸುರೈಯಾಳ ಮಾತು ಅವರಿಗೆ ಮರೆತಿರಲೂ ಇಲ್ಲ. ನೆಪ ಹುಡುಕಿದರೆ ಸಿಗುವುದಿಲ್ಲ. ಆದರೆ ಇಡೀ ಸಂಸಾರದುದ್ದಕ್ಕೂ ಆ ಅಂಗೈಗೆ ಇಲ್ಲವೆನ್ನದ ಮನುಷ್ಯ ಅವತ್ತು ಇಲ್ಲ ಎಂದು ಹೇಗೆ ಅನ್ನಬೇಕು? ಇಲ್ಲವೆಂದರೆ ತನ್ನ ಕೈಯಲ್ಲಿ ಗುಣವಿಲ್ಲವೆಂದು ತಾನೇ ಒಪ್ಪಿದ ಹಾಗೆ. ಅವರು ಒಳಗೆ ಹೋಗಿ ಡಬ್ಬಿ ತೆರೆದರು. ಹೆಂಡತಿಗೆಂದು ಇದ್ದುದರಲ್ಲೇ ಜೋರಾದದ್ದನ್ನು ಆರಿಸಿದರು. ಕಣ್ಣು ಮುಚ್ಚಿ "ಶಿವಾ" ಎಂದರು.

ಸಂಜೆಗೆ ಜ್ವರ ಇಳಿಯಿತು. ಶಂಕ್ರೆವ್ವ ಎದ್ದು ಕುಳಿತು, "ನೋಡ್ರಿ, ನಾ ಹೇಳಲಿಲ್ಲೇನು" ಎಂದು ನುಚ್ಚು-ಮಜ್ಜಿಗೆ ಉಂಡಳು. ಮರುದಿನವೂ ಒಂದು ಕೊಟ್ಟರು. ಅದರ ಮರುದಿನ ಜ್ವರ ತಿರುಗಿ ಬಂತು, ಈ ಸಲ ಚಳಿ ಹಲ್ಲು ಕಡಿಸುವ ಹಾಗೆ ಬಂತು, ಮಾತು ತೊದಲಿತು. ಆಗ ಗುರುಪಾದಯ್ಯನವರು ಬರಿಗಾಲಲ್ಲಿ ನನ್ನ ಬಾಗಿಲಿಗೆ ಬಂದರು. ಕಾರು ಹೊರಡಿಸಿದ್ದು ನಾನೇ. ಆಸ್ಪತ್ರೆಯ ಒಳಗಿನ ಸಂಗತಿಗಳನ್ನು ಮುಂದೆ ಅವರೂ ವಿಜಯಲಕ್ಷ್ಮಿಯೂ ನನಗೆ ಹೇಳಿದರು, ಇಬ್ಬರ ಮಾತೂ ಒಂದಕ್ಕೊಂದು ಕೂಡುತ್ತವೆ.

ವಾರ್ಡಿನ ಡಾಕ್ಟರ್ ಸಂಘಮಿತ್ರಾ, ತಿಕೋಟಾದವಳು, ಇನ್ನೂ ಚಿಕ್ಕ ವಯಸ್ಸು. ನಮ್ಮದೇ ಮಾತು. ರಕ್ತ ತೆಗೆಯುತ್ತಲೇ ಕೇಳಿದಳು.

"ಮನ್ಯಾಗ ಏನರ ಕೊಟ್ಟೀರೇನ್ರಿ ಅಜ್ಜಾರ? ಆ್ಯಂಟಿಬಯೊಟಿಕ್ ಏನರ?"

"ಜ್ವರದ ಸಣ್ಣ ಗುಳಿಗಿ ಒಂದ ಕೊಟ್ಟೇನ್ರಿ" ಎಂದರು ಗುರುಪಾದಯ್ಯನವರು. ಪಕ್ಕದಲ್ಲಿ ಸುರೈಯಾ ನಿಂತಿದ್ದಳು. ತಿಕೋಟಾದಿಂದ ಓಡಿಬಂದ ಮಗಳು ನಿಂತಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು. ಕೊಡುವ ಕೈ ಬೇಕೆಂದು ಮನೆ ಬಿಟ್ಟು ಬಂದ ಮನುಷ್ಯ, ಆ ಕೈ ಏನು ಕೊಟ್ಟಿತು ಎಂದು ಹೇಳುವ ಹೊತ್ತಿಗೆ ಹಿಂದೆ ಸರಿದುಬಿಟ್ಟರು.

ಡಾಕ್ಟರ್ ಮಂಚದ ಮೇಲೆ ಬಾಗಿದಳು. "ಅವ್ವಾರ, ನೀವರ ಹೇಳ್ರಿ. ಬ್ಯಾರೆ ಗುಳಿಗಿ ಏನರ ತಗೊಂಡೀರಿ?"

ಶಂಕ್ರೆವ್ವ ಕಣ್ಣು ತೆರೆದು ಒಮ್ಮೆ ಗಂಡನನ್ನು ನೋಡಿದಳು. "ಇಲ್ಲವಾ. ನಮ್ಮ ಮನ್ಯಾಗ ಗುಳಿಗಿ ನುಂಗೂ ರೂಢೀನ ಇಲ್ಲ."

ನಗು ಬರುವಂಥ ಮಾತೇ. ಬಬಲೇಶ್ವರದಲ್ಲಿ ಯಾರ ಕಿವಿಗೆ ಬಿದ್ದಿದ್ದರೂ ಬಿದ್ದು ಬಿದ್ದು ನಗುತ್ತಿದ್ದರು. ಅಲ್ಲಿ ಯಾರೂ ನಗಲಿಲ್ಲ.

ಅಂಥ ರೋಗಿಗೆ ತಡಮಾಡದೆ ಕೊಡುವ ಔಷಧವನ್ನು ಸಲೈನಿನಲ್ಲಿ ಹಾಕಿದರು. ರಕ್ತವನ್ನು ಬಾಟಲಿಯಲ್ಲಿ ಬಿತ್ತಿ, ಯಾವ ಕ್ರಿಮಿ ಮೊಳೆಯುತ್ತದೆ, ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡುವ ಪರೀಕ್ಷೆಗೂ ಕಳಿಸಿದರು. ಜ್ವರ ಇಳಿಯಲಿಲ್ಲ. ರಕ್ತದೊತ್ತಡ ಮಾತ್ರ ಇಳಿಯತೊಡಗಿತು. ಬಾಟಲಿಯ ವರದಿಯಲ್ಲಿ ಏನೂ ಇರಲಿಲ್ಲ. ಸಂಘಮಿತ್ರಾ ವಿಜಯಲಕ್ಷ್ಮಿಗೆ ಹೇಳಿದಳು. "ಬಾಟ್ಲ್ಯಾಗ ಏನೂ ಹುಟ್ಟವಲ್ದು ಅಕ್ಕಾರ. ನೋಡಿದ್ರ ಕ್ರಿಮಿ ಐತಿ ಅಂತ ಮೈ ಹೇಳಾಕತ್ತೈತಿ. ಮೊದಲ ಯಾವುದರ ಔಷಧ ಅದಕ್ಕ ಅರ್ಧ ಪೆಟ್ಟ ಹಾಕಿದ್ರ ಹಿಂಗ ಅಡಗಿ ಕುಂಡ್ರತೈತಿ. ಏನೂ ತಗೊಂಡಿಲ್ಲ ಅಂತಾರ. ನಾ ಕತ್ತಲ್ಯಾಗ ಕಲ್ಲ ಒಗಿಯಾಕತ್ತೇನಿ."

ಗುರುಪಾದಯ್ಯನವರು ಬಾಗಿಲ ಬಳಿ ನಿಂತು ಇದನ್ನು ಕೇಳಿದರು. ಮಗಳು ಅವರ ಕಡೆ ತಿರುಗಿ ನೋಡಿದಳು, ಏನೂ ಕೇಳಲಿಲ್ಲ. ಅವಳಿಗೆ ಆ ಸ್ಟೀಲ್ ಡಬ್ಬಿ ಹುಟ್ಟಿದಾಗಿನಿಂದ ಗೊತ್ತು. ಕೇಳಿಬಿಟ್ಟಿದ್ದರೆ ಒಳ್ಳೆಯದಿತ್ತು ಎಂದು ಈಗ ಅವಳೇ ಹೇಳುತ್ತಾಳೆ. ತಂದೆಯನ್ನು ಕಟಕಟೆಯಲ್ಲಿ ನಿಲ್ಲಿಸಲು ಬಾಯಿ ಬರಲಿಲ್ಲವಂತೆ.

ಗುರುಪಾದಯ್ಯನವರು ಒಳಗೆ ಹೋಗಿ ಹೆಂಡತಿಯ ಪಕ್ಕದಲ್ಲಿ ಕುಳಿತರು. ಅವಳ ಉಸಿರು ಸಣ್ಣಗಾಗಿತ್ತು, ಎಚ್ಚರ ಇತ್ತು.

"ಡಾಕ್ಟರ ಮುಂದ ಸುಳ್ಳ ಯಾಕ ಹೇಳಿದಿ?" ಎಂದು ಕೇಳಿದರು.

"ನೀವು ಮೊದಲ ಹೇಳಿದ್ರಲ್ಲ. ನಾ ಖರೆ ಹೇಳಿದ್ರ ನಿಮ್ಮ ಹೆಸರು ಏನಾಗಬೇಕ್ರಿ?"

"ನಿನ್ನ ಜೀವ ಹೋದ್ರ?"

"ಜೀವ ಎಲ್ಲಾರ್ದೂ ಹೋಗತೈತಿ" ಎಂದಳು ಶಂಕ್ರೆವ್ವ. ಅದನ್ನು ಹೇಳುವಾಗ ಅವಳ ಮುಖದಲ್ಲಿ ದುಃಖವೇನೂ ಇರಲಿಲ್ಲವಂತೆ, ಸಂತೆಗೆ ಹೋಗಿ ಬರುವ ಮಾತಿನಂತೆ ಹೇಳಿದಳಂತೆ. ಗುರುಪಾದಯ್ಯನವರಿಗೆ ಅಲ್ಲಿ ಕೂರಲಾಗಲಿಲ್ಲ. ತಾನು ಹೇಳಿದ ಸುಳ್ಳು ಅವರಿಗೆ ಅಷ್ಟಾಗಿ ಚುಚ್ಚಿರಲಿಲ್ಲ. ಅದೇ ಸುಳ್ಳನ್ನು ಅವಳು ತನ್ನ ಜೀವ ಒತ್ತೆಯಿಟ್ಟು ಹೇಳಿದಳಲ್ಲ, ಅದು ಚುಚ್ಚಿತು. "ಎದಿ ಒಡದಂಗಾತು ನನಗ" ಎಂದು ಅವರು ನನ್ನೆದುರು ಹೇಳಿದ್ದು ಇಷ್ಟೇ, ಅದನ್ನು ನಾನು ನಂಬುತ್ತೇನೆ.

ಹೊರಗೆ ನಳದ ಬಳಿ ಸಂಘಮಿತ್ರಾ ಕೈ ತೊಳೆಯುತ್ತಿದ್ದಳು. ಅವರು ಹೋಗಿ ಎದುರಿಗೆ ನಿಂತರು.

"ಡಾಕ್ಟರ್ರ, ನಾ ದೊಡ್ಡ ಗುಳಿಗಿ ಕೊಟ್ಟೇನ್ರಿ. ಈ ಜ್ವರಕ್ಕೂ ಕೊಟ್ಟೇನಿ. ಅದಕ್ಕಿಂತ ಮೊದಲೂ ಕೊಟ್ಟೇನಿ, ವರ್ಷಾನುಗಟ್ಟಲೆ. ಎರಡೆರಡ ಕೊಟ್ಟೇನಿ."

ಯಾವ ಗುಳಿಗೆ ಎಂದು ಅವಳು ಕೇಳಿದಳು. ಅವರು ಹೆಸರು ಹೇಳಿದರು. ಅವಳು ನಳ ಬಂದ್ ಮಾಡಿ, ಒದ್ದೆ ಕೈಯಲ್ಲೇ ಅವರ ಕಡೆ ತಿರುಗಿದಳು. ಬೈಯುತ್ತಾಳೆಂದು ಅವರು ತಲೆ ತಗ್ಗಿಸಿದ್ದರು. ಅವಳು ಬೈಯಲಿಲ್ಲ.

"ನಾವು ಹಚ್ಚಿದ ಔಷಧಾನೂ ಅದರ ಅಣ್ಣ-ತಮ್ಮನ ಆತ್ರಿ. ಅದಕ್ಕ ಕ್ರಿಮಿ ಹೆದರವಲ್ದು" ಎಂದಳು. "ಹಾವಿಗೆ ಅರ್ಧ ಹೊಡದು ಬಿಡಬಾರ್ದು ಅಂತ ನಮ್ಮ ಮಂದಿ ಅಂತಾರಲ್ರಿ, ಇದೂ ಹಂಗ. ಎರಡು ಗುಳಿಗಿಗೆ ಸತ್ತವು ಸಾಯತಾವ, ಉಳದವು ಪೆಟ್ಟು ಕಲತು ಉಳೀತಾವ. ಗಟ್ಟಿ ಮನಷಾ ಇದ್ರ ಅವು ಮೂಲ್ಯಾಗ ಸುಮ್ಮನ ಬಿದ್ದಿರತಾವ. ಕಿಮೋ ಹಾಕಿದಾಗ ಮೈಯಾಗ ತಡಿಯವ್ರು ಯಾರೂ ಇರೂದಿಲ್ಲ, ಅವಾಗ ಎದ್ದು ನಿಂದ್ರತಾವ."

"ಹಂಗಂದ್ರ ಇದು ನನ್ನ ಕೈಯಿಂದ ಆದದ್ದೇನ್ರಿ?"

ಸಂಘಮಿತ್ರಾ ಕೈ ಒರೆಸಿಕೊಂಡಳು. "ನಿಮ್ಮದೊಂದ ಕೈ ಅಂತ ಹೆಂಗ ಹೇಳ್ಲಿ? ಚೀಟಿ ಇಲ್ಲದ ಕೊಟ್ಟವ್ರು, ಆರಾಮಾತು ಅಂತ ನಡುವ ಬಿಟ್ಟವ್ರು, ಬ್ಯಾಡಾದಾಗ ಬರದ ನಮ್ಮಂಥಾ ಡಾಕ್ಟರ್ರು, ಎಲ್ಲಾರೂ ಅದರಾಗ ಅದಾರ. ನಮ್ಮ ತಿಕೋಟಾದಾಗೂ ಒಬ್ರು ಇದ್ದಾರ್ರಿ ನಿಮ್ಮಂಥಾರು, ಊರಿಗೊಬ್ರು ಇರತಾರ. ಆದ್ರ ನಿಮ್ಮ ಕೈನೂ ಅದರಾಗ ಐತ್ರಿ ಅಜ್ಜಾರ."

ಸಮಾಧಾನ ಹೇಳುವ ಆಸೆಗೆ ಅವಳು ಸುಳ್ಳು ಹೇಳಲಿಲ್ಲ. ಆ ಹುಡುಗಿಯ ಮೇಲೆ ನನಗೆ ಗೌರವ ಮೂಡಿದ್ದು ಈ ಮಾತಿನಿಂದ.

ಮತ್ತೊಮ್ಮೆ ರಕ್ತ ತೆಗೆದು ಬಾಟಲಿಗೆ ಹಾಕಿದರು. ಹಳೆಯ ಔಷಧ ನಿಲ್ಲಿಸಿ, ಬೇರೆ ಯಾವುದೂ ಕೇಳದಾಗ ಕೊಡಲೆಂದು ಎತ್ತಿಟ್ಟ ಒಂದನ್ನು ಶುರು ಮಾಡಿದರು. "ಇದೂ ಕೇಳಲಿಲ್ಲಂದ್ರ ನನ್ನ ಹತ್ರ ಭಾಳ ಉಳದಿಲ್ಲ" ಎಂದು ಸಂಘಮಿತ್ರಾ ಮೊದಲೇ ಹೇಳಿದಳು. ಈ ಸಲ ಬಾಟಲಿಯಲ್ಲಿ ಕ್ರಿಮಿ ಮೊಳೆಯಿತು. ಹೊಟ್ಟೆಯಲ್ಲೇ ಇರುವ ಜಾತಿಯದು, ಕಾವಲಿಲ್ಲದ ಹೊತ್ತು ನೋಡಿ ರಕ್ತಕ್ಕೆ ಇಳಿದಿತ್ತು. ವರದಿಯಲ್ಲಿ ಔಷಧಗಳ ಹೆಸರುಗಳ ಮುಂದೆ ಸಾಯುವುದಿಲ್ಲ, ಸಾಯುವುದಿಲ್ಲ ಎಂದೇ ಇತ್ತು. ಸಾಯುತ್ತದೆ ಎಂದಿದ್ದ ಒಂದೆರಡರಲ್ಲಿ ಅವರು ಆಗಲೇ ಹಾಕುತ್ತಿದ್ದ ಔಷಧವೂ ಇತ್ತು. ಆ ವರದಿ ಬರುವ ತನಕ ಕಾಯುತ್ತ ಕೂತಿದ್ದರೆ ಶಂಕ್ರೆವ್ವ ಉಳಿಯುತ್ತಿರಲಿಲ್ಲ ಎಂದು ಸುರೈಯಾ ಆಮೇಲೆ ಹೇಳಿದಳು.

ಜ್ವರ ಒಮ್ಮೆಲೇ ಇಳಿಯಲಿಲ್ಲ, ಸಾಲ ಕೊಟ್ಟವನ ಹಾಗೆ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಿತ್ತು. ಔಷಧದ ಕಾವಿಗೆ ಮೂತ್ರಪಿಂಡಗಳು ಸೊರಗಿದವು, ಕಾಲು ಬಾತವು. ಕಿಮೋ ಮುಂದಕ್ಕೆ ಹೋಯಿತು. ಇಳಿದಿದ್ದ ಗಂಟು ಮತ್ತೆ ಬೆರಳಿಗೆ ತಾಕತೊಡಗಿತು. ಇದೆಲ್ಲದರ ನಡುವೆ ಶಂಕ್ರೆವ್ವ ಗಂಡನ ಜೊತೆ ಮಾತು ಬಿಟ್ಟಳು. ಗುಳಿಗೆ ಕೊಟ್ಟದ್ದಕ್ಕೆ ಅಲ್ಲ, ಹೇಳಿದ್ದಕ್ಕೆ.

"ಆ ಡಾಕ್ಟರ್ ಹುಡುಗಿ ಮುಂದ ಹೋಗಿ ಎಲ್ಲಾ ಒದರಿ ಬಂದಾರ ನಿಮ್ಮಪ್ಪ" ಎಂದು ಮಗಳೆದುರು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. "ನಾ ಸತ್ತಿದ್ರೂ ಹೆಸರು ಉಳೀತಿತ್ತು."

ಗುರುಪಾದಯ್ಯನವರು ಬಂದಾಗಲೆಲ್ಲ ಸುರೈಯಾ ಬಾಗಿಲಲ್ಲೇ ತಡೆಯುತ್ತಿದ್ದಳು. "ಅಜ್ಜಾರ, ಕೈ ತೊಳಕೊಂಡು ಒಳಗ ಬರ್ರಿ." ಊರೆಲ್ಲ ಕಣ್ಣಿಗೆ ಒತ್ತಿಕೊಂಡ ಕೈ. ಅವರು ಸಾಬೂನು ಹಚ್ಚಿ, ಬೆರಳ ಸಂದಿಯನ್ನೂ ಬಿಡದೆ ತಿಕ್ಕಿ ತೊಳೆದು, ಒಳಗೆ ಹೋಗಿ, ಮಾತಾಡದ ಹೆಂಡತಿಯ ಕಾಲ ಬಳಿ ಕೂರುತ್ತಿದ್ದರು. ನೋಡಿ ಬರಲು ಹೋದಾಗ ನಾನೂ ಅದನ್ನು ಕಂಡೆ. ಚಾಷ್ಟಿ ಮಾಡುವ ಮನಸ್ಸಾಗಲಿಲ್ಲ.

ಸಂಕ್ರಾಂತಿಯ ಸುಮಾರಿಗೆ ಶಂಕ್ರೆವ್ವ ಮನೆಗೆ ಬಂದಳು, ಅರ್ಧ ಮೈ ಅಲ್ಲೇ ಬಿಟ್ಟು ಬಂದವಳಂತೆ. ಕಿಮೋ ಮತ್ತೆ ಶುರುವಾಗಿತ್ತು. ಗುರುಪಾದಯ್ಯನವರು ಡಬ್ಬಿಯನ್ನು ಖಾಲಿ ಮಾಡಿದರು. ಅಂಗಡಿಯಲ್ಲಿ ಅಂಗೈ ಒಡ್ಡಿದವರಿಗೆ ತಿಳಿಹೇಳಲು ಹೊರಟರು. ಕ್ರಿಮಿ, ಅರ್ಧ ಪೆಟ್ಟು, ಪೂರ್ತಿ ಗುಳಿಗೆ, ಡಾಕ್ಟರ ಚೀಟಿ. ಜನ ನಿಂತು ಪೂರ್ತಿ ಕೇಳಿದರು. ಕೇಳಿ, "ಅದೆಲ್ಲಾ ಖರೆ ಅಯ್ಯಾರ, ಈಗ ಎರಡ ಕೊಡ್ರಿ" ಎಂದರು. ಕೊಡದಿದ್ದಾಗ ಮುಖ ಊದಿಸಿಕೊಂಡು ಗಾಜಿನ ಬಾಗಿಲಿನ ಅಂಗಡಿಗೆ ಹೋದರು, ಅಲ್ಲಿ ಸಿಕ್ಕಿತು. ಅಯ್ಯಾರಿಗೆ ವಿಜಾಪುರದ ಗಾಳಿ ಬಡಿದಿದೆ, ಸೊಕ್ಕು ಬಂದಿದೆ ಎಂದು ಮಾತಾಯಿತು. ರಾಜಾರಾಮ ಗಲ್ಲೆಯ ಮೇಲೆ ಕುಳಿತು ಆಕಳಿಸಿದ. ನಮ್ಮ ಜನಕ್ಕೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಇದು ನನಗೆ ಮೊದಲೇ ಗೊತ್ತಿತ್ತು, ಹೇಳಿಯೂ ಇದ್ದೆ.

ಒಂದು ಭಾನುವಾರ ಬೆಳಗ್ಗೆ ನಾನು ಅವರ ಪಡಸಾಲೆಯಲ್ಲಿ ಪೇಪರ್ ಓದುತ್ತ ಕುಳಿತಿದ್ದೆ. ಶಂಕ್ರೆವ್ವ ಗೋಡೆಗೆ ಒರಗಿ, ಸೆರಗು ಹೊದ್ದು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ನಿಂಬೆ ತೋಟಕ್ಕೆ ಕೂಲಿಗೆ ಹೋಗುವ ಸತ್ಯವ್ವ ಬಾಗಿಲಿಗೆ ಬಂದಳು. ಅವಳ ಕಣ್ಣು ಕೆಂಪಾಗಿದ್ದವು, ಮೈ ನಡುಗುತ್ತಿತ್ತು. ಹೊಸ್ತಿಲ ಆಚೆಯೇ ನಿಂತು ಅಂಗೈ ಚಾಚಿದಳು.

"ಯಪ್ಪಾ, ಭಾಷಣ ಬ್ಯಾಡ್ರಿ. ಎರಡ ದೊಡ್ಡ ಗುಳಿಗಿ ಕೊಡ್ರಿ. ಗಾಜಿನ ಅಂಗಡ್ಯಾಗಿಂದು ನುಂಗಿದ್ನಿ, ಹತ್ತಲಿಲ್ಲ. ನಿಮ್ಮ ಕೈಲೆ ಬೇಕು."

ಗುರುಪಾದಯ್ಯನವರು ಆ ಅಂಗೈಯನ್ನೇ ನೋಡುತ್ತ ನಿಂತರು. ಮತ್ತೆ ಕ್ರಿಮಿಯ ಪುರಾಣ ತೆಗೆಯುತ್ತಾರೆಂದು ನಾನು ಪೇಪರಿನ ಹಾಳೆ ತಿರುವಿದೆ. ಅವರು ಆ ಮಾತೇ ಎತ್ತಲಿಲ್ಲ.

"ಸತ್ಯವ್ವ, ನನ್ನ ಕೈಗುಣ ಹೋಗೇತವಾ" ಎಂದರು.

ಸತ್ಯವ್ವ ಬೆಚ್ಚಿದಳು. "ಹಂಗ ಅನಬಾರ್ದ್ರೀ ಯಪ್ಪಾ."

"ಹೋಗೇತಿ. ಈಗ ಈ ಕೈಲೆ ಕೊಟ್ರ ಕೇಡ ಆಗತೈತಿ. ವಿಜಾಪುರದ ಬಸ್ ಹತ್ತು. ದವಾಖಾನ್ಯಾಗ ರಕ್ತ ತೋರಸು, ಅವರು ಎಷ್ಟ ದಿನ ಅಂತಾರೋ ಅಷ್ಟ ದಿನ ತಗೋ."

ಸತ್ಯವ್ವ ನಂಬಲಿಲ್ಲ. ಸುಳ್ಳಿರಬಹುದೆಂಬ ಆಸೆಯಿಂದ ಶಂಕ್ರೆವ್ವನ ಕಡೆ ತಿರುಗಿದಳು. ಊರಿನಲ್ಲಿ ಆ ಕೈಗುಣದ ಪರವಾಗಿ ಜಗಳ ಕಾಯುವವರು ಯಾರಾದರೂ ಇದ್ದರೆ ಅದು ಅವಳೇ ಎಂದು ಎಲ್ಲರಿಗೂ ಗೊತ್ತು. ನಾನೂ ಪೇಪರ್ ಕೆಳಗಿಟ್ಟೆ. ಗುರುಪಾದಯ್ಯನವರು ಮಾತ್ರ ಹೆಂಡತಿಯ ಕಡೆ ನೋಡಲಿಲ್ಲ, ಹೊಸ್ತಿಲನ್ನು ನೋಡುತ್ತಿದ್ದರು.

ಶಂಕ್ರೆವ್ವ ಗೋಡೆ ಬಿಟ್ಟು ನೆಟ್ಟಗೆ ಕುಳಿತಳು. ಆಮೇಲೆ ಸೆರಗಿನೊಳಗಿಂದ ತೋಳನ್ನು ಹೊರಗೆ ತೆಗೆದು ಸತ್ಯವ್ವನ ಮುಂದೆ ಹಿಡಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸೂಜಿ ಚುಚ್ಚಿದ ಜಾಗಗಳು ಕಪ್ಪುಗಟ್ಟಿದ್ದವು.

"ಖರೆ ಹೇಳತಾರ ಸತ್ಯವ್ವ" ಎಂದಳು. "ಕೈಗುಣ ಹೋಗೇತಿ. ನಾನ ಸಾಕ್ಷಿ ಅದೀನಿ."

ಸತ್ಯವ್ವ ಒಡ್ಡಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.